ಆಟೋಮ್ಯಾಟಿಕ್ ಗಾಡಿ: ಬಿಸಿಯಾದ ಮೇಲೆ 2ರಿಂದ 3ಕ್ಕೆ ಜರ್ಕ್, ಆರ್‌ನಿಂದ ಡಿಗೆ ಹಾಕಿದ್ರೆ ಧಡ್ ಸದ್ದು. ಗೇರ್‌ಬಾಕ್ಸ್ ಇಳಿಸಲೇಬೇಕಾ?

ಬಳ್ಳಾರಿ_ಕೋಟೆ:

ಎಲ್ಲರಿಗೂ ನಮಸ್ಕಾರ. ಗಾಡಿ 2018ರ ಪೆಟ್ರೋಲ್ ಎಸ್‌ಯುವಿ, 6 ಸ್ಪೀಡ್ ಟಾರ್ಕ್ ಕನ್ವರ್ಟರ್ ಆಟೋಮ್ಯಾಟಿಕ್, ಮುಂದಿನ ಚಕ್ರಕ್ಕೆ ಎಳೆತ. ಓಡಿದ್ದು 86,000 ಕಿ.ಮೀ. ತೊಂದರೆ ಎರಡು.

ಒಂದು: ಬೆಳಿಗ್ಗೆ ತಣ್ಣಗಿದ್ದಾಗ ಗೇರ್ ಬದಲಾಗೋದೇ ಗೊತ್ತಾಗಲ್ಲ. ಮಧ್ಯಾಹ್ನ ಕುಡತಿನಿ ದಾಟಿ ತೋರಣಗಲ್ಲು ತನಕ ಲಾರಿಗಳ ಹಿಂದೆ ತೆವಳಿದ ಮೇಲೆ, 30–35 ಕಿ.ಮೀ. ವೇಗದಲ್ಲಿ 2ರಿಂದ 3ಕ್ಕೆ ಬೀಳುವಾಗ ಹಿಂದಿನಿಂದ ಯಾರೋ ಗುದ್ದಿದಂಗೆ ಜರ್ಕ್. ಬೇರೆ ಗೇರ್‌ಗಳಲ್ಲಿ ಅಷ್ಟಿಲ್ಲ.

ಎರಡು: ನಿಂತಲ್ಲೇ ಆರ್‌ನಿಂದ ಡಿಗೆ ಹಾಕಿದ್ರೆ ಕೆಳಗಿನಿಂದ ಧಡ್ ಅಂತ ಸದ್ದು. ಇದಕ್ಕೆ ಬಿಸಿ, ತಣ್ಣಗೆ ಅಂತಿಲ್ಲ, ಯಾವಾಗಲೂ ಬರುತ್ತೆ.

ಮೀಟರ್‌ನಲ್ಲಿ ಯಾವ ಲೈಟೂ ಇಲ್ಲ. ಗೇರ್ ಆಯಿಲ್ ಇದುವರೆಗೂ ಮುಟ್ಟಿಲ್ಲ. ಸಾಮಾನ್ಯ ಬಳಕೆಗೆ ಬದಲಿಸೋದು ಬೇಡ ಅಂತ ಮ್ಯಾನ್ಯುವಲ್‌ನಲ್ಲೇ ಇದೆ. ಒಂದು ಕಡೆ ತೋರಿಸಿದಾಗ ಐದು ನಿಮಿಷ ಓಡಿಸಿ ನೋಡಿ, ಗೇರ್‌ಬಾಕ್ಸ್ ಇಳಿಸಿ ಓವರ್‌ಹಾಲ್ ಮಾಡಬೇಕು, ಒಂದೂವರೆ ಲಕ್ಷ ಇಟ್ಕೊಳ್ಳಿ ಅಂದ್ರು. ಅದಕ್ಕೂ ಮೊದಲು ಏನೇನು ನೋಡಬೇಕು, ಯಾವುದರ ನಂತರ ಯಾವುದು?

ಮುನಿರಾಬಾದ್_ಗ್ಯಾರೇಜ್:

ಇಳಿಸಬ್ಯಾಡ್ರಿ. ಸ್ಕ್ಯಾನರ್ ಹಾಕಿಲ್ಲ, ಆಯಿಲ್ ನೋಡಿಲ್ಲ, ಮೌಂಟಿಂಗ್ (ಇಂಜಿನ್, ಗೇರ್‌ಬಾಕ್ಸ್ ಕೂರೋ ರಬ್ಬರ್ ಆಸರೆ) ಅಲುಗಾಡಿಸಿಲ್ಲ ಅಂದ್ರ ತಪಾಸಣೆ ಇನ್ನೂ ಶುರುನ ಆಗಿಲ್ಲ.

ನಿಮ್ಮ ಎರಡೂ ತೊಂದರಿ ಒಂದ ಕಾರಣಕ್ಕ ಬರ್ತಾವ ಅಂತ ತಿಳೀಬ್ಯಾಡ್ರಿ. ಬಿಸಿಯಾದ ಮ್ಯಾಲ ಅಷ್ಟ ಬರೋ ಜರ್ಕಿಗೆ ಆಯಿಲ್ ಮ್ಯಾಲ ಮೊದಲ ಅನುಮಾನ ಪಡ್ರಿ. ತಣ್ಣಗಿದ್ರೂ ಬಿಸಿ ಇದ್ರೂ ಬರೋ ಧಡ್ ಸದ್ದು ಬಹುತೇಕ ಗೇರ್‌ಬಾಕ್ಸ್ ಹೊರಗಿಂದು. ಅದನ್ನ ಮೊದ್ಲ ಮುಗಿಸ್ರಿ, ಖರ್ಚು ಕಡಿಮಿ.

ಮುಂದಿನ ಎಳೆತದ ಗಾಡಿಯೊಳಗ ಇಂಜಿನ್ ಅಡ್ಡ ಕುಂತಿರ್ತೈತಿ. ಒಂದು ಬಾಜು ಇಂಜಿನ್ ಮೌಂಟಿಂಗ್, ಇನ್ನೊಂದು ಬಾಜು ಗೇರ್‌ಬಾಕ್ಸ್ ಮೌಂಟಿಂಗ್, ಕೆಳಗ ಒಂದು ರೋಲ್ ರಾಡ್. ಹಿಂದ ಮುಂದ ತೂಗೋದನ್ನ ತಡಿಯೋದು ಈ ರೋಲ್ ರಾಡಿನ ರಬ್ಬರ್, ಮೊದ್ಲ ಹರಿಯೋದೂ ಅದ. ಪರೀಕ್ಷೆ ಹಿಂಗ ಮಾಡ್ರಿ: ಸಮತಟ್ಟು ಜಾಗ, ಚಕ್ರಕ್ಕ ಹಿಂದ ಮುಂದ ಕಲ್ಲು, ಹ್ಯಾಂಡ್‌ಬ್ರೇಕ್ ಪೂರ್ತಿ. ಒಬ್ಬರು ಒಳಗ ಕುಂತು ಬ್ರೇಕ್ ಗಟ್ಟಿ ಒತ್ತಿ ಹಿಡೀಬೇಕು, ಆ್ಯಕ್ಸಲರೇಟರ್ ಮುಟ್ಟಬಾರದು. ಇನ್ನೊಬ್ಬರು ಬಾನೆಟ್ ತೆಗದು ಬಾಜೂಕ ನಿಂತು ನೋಡಬೇಕು. ಗಾಡಿ ಮುಂದ ಯಾವ ಕಾರಣಕ್ಕೂ ನಿಂದರಬ್ಯಾಡ್ರಿ. ಆರ್‌ಗೆ ಹಾಕಿ 3 ಸೆಕೆಂಡ್, ಎನ್, ಆಮ್ಯಾಲ ಡಿ. ಇಂಜಿನ್ ಅರ್ಧ ಇಂಚು ವಾಲಿದ್ರ ಸಹಜ. ಒಂದು ಇಂಚಿಗಿಂತ ಹೆಚ್ಚು ಎದ್ದು ಕುಂತ್ರ ಮೌಂಟಿಂಗ್ ಹೋಗೈತಿ. ಒಳಗ ದ್ರವ ತುಂಬಿದ ಮೌಂಟಿಂಗ್ ಇದ್ರ ಅದು ಒಡದಾಗ ಕೆಳಗ ಕಪ್ಪು ಜಿಡ್ಡು ಸೋರಿದ ಗುರುತು ಇರ್ತೈತಿ.

ಅದರ ಜೋಡಿ ಐಡ್ಲಿಂಗ್ ನೋಡ್ರಿ. ಇಂಜಿನ್ ಕಾದ ಮ್ಯಾಲ, ಎ.ಸಿ. ಬಂದ್ ಇದ್ದಾಗ 650ರಿಂದ 750 ಆರ್‌ಪಿಎಂ ಇರಬೇಕು. ಥ್ರಾಟಲ್ ಬಾಡಿಯೊಳಗ ಮಸಿ ಕಟ್ಟಿ 950ಕ್ಕ ನಿಂತಿದ್ರ, ಮೌಂಟಿಂಗ್ ಹೊಸದಿದ್ರೂ ಡಿಗೆ ಹಾಕಿದಾಗೆಲ್ಲ ಹೊಡೀತೈತಿ.

ಈಗ 2–3ರ ಜರ್ಕು. ಅದು ಬರೋ ಗಳಿಗ್ಯಾಗ ಆರ್‌ಪಿಎಂ ಮುಳ್ಳು ಏನ್ ಮಾಡ್ತೈತಿ ಅಂತ ಪಕ್ಕದಾಗ ಕುಂತೋರಿಗೆ ನೋಡಾಕ ಹೇಳ್ರಿ. ಸರಿಯಿದ್ದ ಗಾಡಿಯೊಳಗ ಗೇರ್ ಮ್ಯಾಲ ಹೋದಾಗ ಮುಳ್ಳು ಸೀದಾ ಕೆಳಗ ಇಳೀತೈತಿ. ನಿಮ್ಮದು ಇಳಿಯೋಕಿಂತ ಮೊದ್ಲ 200–300 ಆರ್‌ಪಿಎಂ ಮ್ಯಾಲ ಹಾರಿ ಆಮ್ಯಾಲ ಧಪ್ ಅಂತ ಬಿತ್ತು ಅಂದ್ರ ಅದು ಫ್ಲೇರ್. 2ನೇ ಗೇರಿನ ಕ್ಲಚ್ ಬಿಟ್ಟೈತಿ, 3ನೇದು ಇನ್ನೂ ಹಿಡಿದಿಲ್ಲ, ಆ ಸಂದಿಯೊಳಗ ಇಂಜಿನ್ ಬಿಡುವಾಗಿ ಓಡತೈತಿ. ಓಡೋ ಇಂಜಿನ್‌ನ ಕ್ಲಚ್ ತಡವಾಗಿ ಹಿಡಿದಾಗ ಗುದ್ದು. ಕಾದು ತೆಳ್ಳಗಾದ ಹಳೇ ಆಯಿಲ್ ಸೀಲು, ವಾಲ್ವ್ ಬಾಡಿ (ಆಯಿಲನ್ನ ಕ್ಲಚ್ಚುಗಳಿಗೆ ಹಂಚೋ ಭಾಗ) ಸಂದಿಯೊಳಗ ಸೋರಿ ಹೋಗಿ ಕ್ಲಚ್ಚಿಗೆ ಒತ್ತಡ ತಡವಾಗಿ ಮುಟ್ಟತೈತಿ. ಬೆಳಿಗ್ಗೆ ಆಯಿಲ್ ದಪ್ಪ ಇರ್ತೈತಿ, ಅದಕ್ಕ ಗೊತ್ತಾಗಂಗಿಲ್ಲ. ಮುಳ್ಳು ಹಾರದನ ನೇರ ಗುದ್ದು ಬಂದ್ರ ಮಾತ ಬ್ಯಾರೆ: ಒತ್ತಡ ಬೇಕಾದ್ದಕ್ಕಿಂತ ಹೆಚ್ಚು ಬರಾಕತ್ತೈತಿ. ಆವಾಗ ಸೊಲೆನಾಯ್ಡ್ (ಆಯಿಲ್ ಒತ್ತಡ ಹಿಡಿತದಾಗ ಇಡೋ ಕರೆಂಟಿನ ವಾಲ್ವ್), ಇಲ್ಲಾ ಇಂಜಿನ್ ಕಡಿಂದ ಬರೋ ತಪ್ಪು ಲೆಕ್ಕ.

ಸ್ಕ್ಯಾನರ್‌ನ್ಯಾಗ ಲೈವ್ ಡೇಟಾ ತೆಗೀರಿ: ಗೇರ್ ಆಯಿಲ್ ಉಷ್ಣತೆ, ಇನ್‌ಪುಟ್ ಸ್ಪೀಡ್, ಔಟ್‌ಪುಟ್ ಸ್ಪೀಡ್, ಬ್ಯಾಟರಿ ವೋಲ್ಟ್, ಫ್ಯುಯಲ್ ಟ್ರಿಮ್ (ಇಂಜಿನ್ ಕಂಪ್ಯೂಟರ್ ಪೆಟ್ರೋಲ್ ಎಷ್ಟು ಹೆಚ್ಚು ಕಡಿಮಿ ಮಾಡಾಕತ್ತೈತಿ ಅನ್ನೋ ಲೆಕ್ಕ). ಲೈಟ್ ಹತ್ತಿಲ್ಲ ಅಂದ್ರ ಕೋಡ್ ಇಲ್ಲ ಅಂತಲ್ಲ. ಪೆಂಡಿಂಗ್ ಕೋಡ್ (ಇನ್ನೂ ಲೈಟ್ ಹತ್ತಿಸದ ದೋಷದ ಗುರುತು) ಒಳಗ ಇರಬಹುದು. ಪಿ0700 ಬಂದ್ರ ಅದರಿಂದ ಏನೂ ತಿಳಿಯಂಗಿಲ್ಲ, ಗೇರ್ ಕಂಪ್ಯೂಟರ್‌ನ್ಯಾಗ ಇನ್ನೊಂದು ಕೋಡ್ ಐತಿ ನೋಡು ಅನ್ನೋ ಸೂಚನೆ ಅಷ್ಟ.

ತೋರಣಗಲ್ಲು_ಮೀಟರ್:

ಮೇಲಿನವರು ಹೇಳಿದ "ಇಂಜಿನ್ ಕಡೆಯ ತಪ್ಪು ಲೆಕ್ಕ" ಅನ್ನೋದನ್ನ ಬಿಡಿಸಿ ಹೇಳ್ತೀನಿ. ನಮ್ಮ ಭಾಗದಲ್ಲಿ ಇದನ್ನೇ ಜಾಸ್ತಿ ಜನ ನೋಡೋದಿಲ್ಲ.

ಗೇರ್ ಕಂಪ್ಯೂಟರ್ ಕ್ಲಚ್‌ಗೆ ಎಷ್ಟು ಒತ್ತಡ ಕೊಡಬೇಕು ಅಂತ ತೀರ್ಮಾನಿಸೋದು ಇಂಜಿನ್ ಕಂಪ್ಯೂಟರ್ ಕಳಿಸೋ ಟಾರ್ಕ್ ಅಂದಾಜಿನ ಮೇಲೆ. ಪೆಟ್ರೋಲ್ ಇಂಜಿನ್‌ನಲ್ಲಿ ಆ ಅಂದಾಜು ಒಳಗೆ ಹೋಗೋ ಗಾಳಿಯ ಲೆಕ್ಕದಿಂದ ಬರುತ್ತೆ. ಆ ಗಾಳಿ ಅಳೆಯೋ ಮ್ಯಾಫ್ ಸೆನ್ಸರ್ ತಂತಿ ಮೇಲೆ ಧೂಳು ಕೂತರೆ ಬರೋ ಗಾಳಿಗಿಂತ ಕಡಿಮೆ ತೋರಿಸುತ್ತೆ. ಇಂಜಿನ್ ಕೊಡೋ ಬಲ ಹೆಚ್ಚು, ಲೆಕ್ಕದಲ್ಲಿ ಕಡಿಮೆ. ಗೇರ್‌ಬಾಕ್ಸ್ ಮೆತ್ತಗೆ ಹಿಡಿಯುತ್ತೆ, ಕ್ಲಚ್ ಜಾರುತ್ತೆ, ಮುಳ್ಳು ಹಾರುತ್ತೆ. ಅದಿರು ಲಾರಿಗಳ ಹಿಂದೆ ದಿನಾ ಓಡೋ ಗಾಡಿಗೆ ಏರ್ ಫಿಲ್ಟರ್ ಪುಸ್ತಕದಲ್ಲಿರೋ ಕಿ.ಮೀ. ತನಕ ತಡೆಯೋದಿಲ್ಲ. ಫಿಲ್ಟರ್ ತೆಗೆದು ಮಡಿಕೆಗಳನ್ನ ಬಿಡಿಸಿ ನೋಡಿ, ಬುಡದಲ್ಲಿ ಕೆಂಪು ಹುಡಿ ಗೆರೆ ಕಟ್ಟಿರುತ್ತೆ. ಫಿಲ್ಟರ್ ಡಬ್ಬಿಯ ಒಳಭಾಗದಲ್ಲಿ, ಅಂದ್ರೆ ಇಂಜಿನ್ ಕಡೆ, ಬೆರಳು ಆಡಿಸಿ. ಅಲ್ಲೂ ಕೆಂಪು ಹತ್ತಿದ್ರೆ ಫಿಲ್ಟರ್ ಸರಿಯಾಗಿ ಕೂತಿಲ್ಲ, ಧೂಳು ನೇರವಾಗಿ ಸೆನ್ಸರ್‌ಗೆ ಬಡೀತಿದೆ.

ಅಳತೆ ಬೇಕಂದ್ರೆ ಲಾಂಗ್ ಟರ್ಮ್ ಫ್ಯುಯಲ್ ಟ್ರಿಮ್ ನೋಡಿ. ಶೇಕಡಾ 10ಕ್ಕಿಂತ ಹೆಚ್ಚು ಪ್ಲಸ್ ಇದ್ರೆ ಮ್ಯಾಫ್ ಕೊಳೆ ಅಥವಾ ಎಲ್ಲೋ ಗಾಳಿ ಸೋರಿಕೆ. ಶುಚಿ ಮಾಡೋಕೆ ಮ್ಯಾಫ್ ಕ್ಲೀನರ್ ಸ್ಪ್ರೇ ಮಾತ್ರ, ಇಂಜಿನ್ ಬಂದ್ ಮಾಡಿ ಸೆನ್ಸರ್ ಬಿಚ್ಚಿ 10–12 ಸಲ ಸಿಂಪಡಿಸಿ, ತಾನಾಗೇ ಒಣಗಲಿ. ಬಟ್ಟೆ, ಬ್ರಷ್, ಕಂಪ್ರೆಸರ್ ಗಾಳಿ, ಕಾರ್ಬ್ಯುರೇಟರ್ ಕ್ಲೀನರ್ ಯಾವುದೂ ಬೇಡ. ತಂತಿ ತುಂಬಾ ತೆಳ್ಳಗಿರುತ್ತೆ. ನಿಮ್ಮ ಗಾಡಿಯಲ್ಲಿ ಮ್ಯಾಫ್ ಬದಲು ಗಾಳಿಯ ಒತ್ತಡ ಅಳೆಯೋ ಮ್ಯಾಪ್ ಸೆನ್ಸರ್ ಇದ್ರೆ ಅದರ ತೂತಿನಲ್ಲಿ ಎಣ್ಣೆ ಮಸಿ ಕಟ್ಟಿದೆಯಾ ನೋಡಿ.

ಬ್ಯಾಟರಿ: ರಾತ್ರಿ ನಿಂತ ಗಾಡಿಯಲ್ಲಿ ಬೆಳಿಗ್ಗೆ 12.5–12.7 ವೋಲ್ಟ್. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಇಳೀಬಾರದು. ಸ್ಟಾರ್ಟ್ ಆದ ಮೇಲೆ 13.8–14.5. ಸೊಲೆನಾಯ್ಡ್‌ಗಳು ಕರೆಂಟ್ ಮೇಲೆ ಕೆಲಸ ಮಾಡೋವು. ಬ್ಯಾಟರಿಯಿಂದ ಬಾಡಿಗೆ, ಬಾಡಿಯಿಂದ ಗೇರ್‌ಬಾಕ್ಸ್‌ಗೆ ಬರೋ ಅರ್ಥ್ ವೈರ್‌ಗಳ ಬೋಲ್ಟ್ ಬಿಚ್ಚಿ ಉಪ್ಪುಕಾಗದದಲ್ಲಿ ಉಜ್ಜಿ ಬಿಗಿ ಮಾಡಿ. ಬಿಸಿಲಿಗೆ ಬ್ಯಾಟರಿ ಬೇಗ ಸಾಯೋ ಊರು ನಮ್ಮದು, ಮೂರು ವರ್ಷ ದಾಟಿದ್ರೆ ಲೋಡ್ ಟೆಸ್ಟ್ ಮಾಡಿಸಿ.

ಬಳ್ಳಾರಿ_ಕೋಟೆ:

ಹೇಳಿದ ಹಾಗೆ ಎಲ್ಲ ನೋಡಿಸಿದೆ. ಆರ್–ಡಿ ಪರೀಕ್ಷೆಯಲ್ಲಿ ಇಂಜಿನ್ ಒಂದು ಇಂಚಿಗಿಂತ ಹೆಚ್ಚು ಏಳ್ತಿದೆ, ರೋಲ್ ರಾಡ್ ರಬ್ಬರ್ ಅರ್ಧ ಹರಿದಿದೆ. ಐಡ್ಲಿಂಗ್ 720. ಫಿಲ್ಟರ್ ಪೂರ್ತಿ ಕೆಂಪು. ಲಾಂಗ್ ಟರ್ಮ್ ಟ್ರಿಮ್ ಪ್ಲಸ್ 14. ಬ್ಯಾಟರಿ ಬೆಳಿಗ್ಗೆ 12.1, ಸೆಲ್ಫ್ ಹೊಡೆದಾಗ 9.2, ಓಡುವಾಗ 14.1. ಕೋಡ್ ಯಾವುದೂ ಇಲ್ಲ. ಮುಳ್ಳು ಹಾರೋದು ನಿಜ, ಸುಮಾರು 300. ಆಯಿಲ್ 100 ಡಿಗ್ರಿ ದಾಟಿದ ಮೇಲೆ ಮಾತ್ರ. ಟ್ರಾಫಿಕ್‌ನಲ್ಲಿ 108 ತನಕ ಹೋಯ್ತು. ಆಯಿಲ್ ಬದಲಿಸೋದಾದ್ರೆ ಪದ್ಧತಿ ಹೇಳಿ. ಇಲ್ಲಿ ಒಬ್ಬರು ಮಷೀನ್‌ನಲ್ಲಿ ಫ್ಲಶ್ ಮಾಡಿಸಿ ಅಂತಿದ್ದಾರೆ.

ರಾಯಚೂರು_ಗೇರ್:

ಅಣ್ಣಾ, ಸಾಮಾನ್ಯ ಬಳಕೆಗೆ ಬ್ಯಾಡ ಅಂತ ಬರದಾರಲ್ಲ, ಅದೇ ಮ್ಯಾನ್ಯುವಲ್‌ನಾಗ ಕಠಿಣ ಬಳಕೆ ಅಂತ ಇನ್ನೊಂದು ಪುಟ ಇರ್ತದ, ತೆಗೆದು ಓದ್ರಿ. ಧೂಳಿನ ರಸ್ತೆ, 32 ಡಿಗ್ರಿಗಿಂತ ಹೆಚ್ಚಿನ ಬಿಸಿಲಾಗ ದಟ್ಟ ಟ್ರಾಫಿಕ್ ಅಂತ ಬಹಳ ಕಂಪನಿಗಳ ಪುಸ್ತಕದಾಗ ಅದ. ಬಳ್ಳಾರಿ, ರಾಯಚೂರಾಗ 32 ಡಿಗ್ರಿ ಅಂದ್ರ ತಂಪು ಹೊತ್ತು. ನಮ್ಮ ಕಡೆ 60,000 ಕಿ.ಮೀ.ಗೆ ಆಯಿಲ್ ಬದಲಿಸೋದೇ ಸರಿ.

ಆಯಿಲ್ ಆಯ್ಕೆ ಮೊದಲು. ಡಬ್ಬಿ ಮ್ಯಾಲ ನಿಮ್ಮ ಮ್ಯಾನ್ಯುವಲ್ ಹೇಳಿದ ಸ್ಪೆಸಿಫಿಕೇಶನ್ ಅಕ್ಷರಕ್ಕ ಅಕ್ಷರ ಇರಬೇಕು. ಕೆಂಪಗ ಅದ ಅಂತ ಯಾವುದೋ ಹಾಕಬ್ಯಾಡ್ರಿ. ಡೆಕ್ಸ್‌ರಾನ್ 3 ಜಾತಿ ಆಯಿಲ್ 100 ಡಿಗ್ರಿಯಾಗ ಸುಮಾರು 7 ಸೆಂಟಿಸ್ಟೋಕ್ (ಆಯಿಲ್ ದಪ್ಪದ ಅಳತಿ), ಡೆಕ್ಸ್‌ರಾನ್ 6 ಸುಮಾರು 6. ಅಷ್ಟು ಸಣ್ಣ ವ್ಯತ್ಯಾಸಕ್ಕ ಸೈತ ಗೇರ್ ಬೀಳೋ ರೀತಿ ಬದಲಾಗ್ತದ. ಸಿವಿಟಿ (ಬೆಲ್ಟ್ ಜಾತಿ ಆಟೋಮ್ಯಾಟಿಕ್) ಆಯಿಲ್ ಹಾಕಿದ್ರಂತೂ ಕ್ಲಚ್ ಪ್ಲೇಟಿನ ಹಿಡಿತಾನೇ ಬ್ಯಾರೆ ಆಗ್ತದ.

ಮಷೀನ್ ಫ್ಲಶ್ ಬ್ಯಾಡ. 86,000 ತನಕ ಮುಟ್ಟದ ಗೇರ್‌ಬಾಕ್ಸಿಗೆ ಒತ್ತಡದಾಗ ಹೊಸ ಆಯಿಲ್ ನುಗ್ಗಿಸಿದ್ರ, ತಳದಾಗ ಕುಂತ ಕೆಸರು ಎದ್ದು ವಾಲ್ವ್ ಬಾಡಿ ತೂತಿಗೆ ಹೋಗ್ತದ. ಇಳಿಸಿ ತುಂಬೋದೇ ಒಳ್ಳೇದು, ಮೂರು ಸಲ. ಒಳಗ ಒಟ್ಟು ಸುಮಾರು 7 ಲೀಟರ್ ಇದ್ರ ಡ್ರೈನ್ ಬಿಚ್ಚಿದಾಗ ಮೂರೂವರೆ ಬರ್ತದ, ಉಳಿದದ್ದು ಟಾರ್ಕ್ ಕನ್ವರ್ಟರ್, ಕೂಲರ್, ವಾಲ್ವ್ ಬಾಡಿಯಾಗ ನಿಂತಿರ್ತದ. ಮೊದಲ ಸಲಕ್ಕ ಅರ್ಧ ಹೊಸದು, ಎರಡನೇ ಸಲಕ್ಕ ಮುಕ್ಕಾಲು, ಮೂರನೇ ಸಲಕ್ಕ ನೂರಕ್ಕ 87 ಭಾಗ. ನಡುವ 150–200 ಕಿ.ಮೀ. ಓಡಿಸ್ರಿ. ಒಟ್ಟು ಹತ್ತೂವರೆ ಲೀಟರ್, ಜೊತಿಗೆ ಒಂದು ಲೀಟರ್ ಕೈಯಾಗ ಇರಲಿ.

ಕೆಲಸ ಶುರು ಮಾಡೋಕ ಮುಂಚೆ ತುಂಬೋ ಬೋಲ್ಟ್ ಬಿಚ್ಚಿಕೊಳ್ತದ ಅಂತ ಖಾತ್ರಿ ಮಾಡಿಕೊಳ್ರಿ. ಡ್ರೈನ್ ಬಿಚ್ಚಿ ಆಯಿಲ್ ಎಲ್ಲ ಚೆಲ್ಲಿದ ಮ್ಯಾಲ ಮೇಲಿನ ಬೋಲ್ಟ್ ಜಾಮ್ ಆಗಿದ್ದು ಗೊತ್ತಾದ್ರ ಗಾಡಿ ರ‍್ಯಾಂಪ್ ಮ್ಯಾಲೇ ಉಳೀತದ. ಇಳಿದ ಆಯಿಲ್ ಗೆರೆ ಇರೋ ಡಬ್ಬಿಯಾಗ ಹಿಡಿದು ಅಳೀರಿ. ಹಳೇದು ಕಡಿಮಿ ಇತ್ತೋ ಇಲ್ಲೋ ಅಂತ ಒಂದು ಅಂದಾಜು ಅಲ್ಲೇ ಸಿಗ್ತದ. ಎರಡು ಹನಿ ಬಿಳಿ ಕಾಗದದ ಮ್ಯಾಲ ಬಿಡ್ರಿ. ಕಂದು ಇದ್ದು ವಾಸನಿ ಇಲ್ಲಂದ್ರ ಮುಪ್ಪಾದ ಆಯಿಲ್ ಅಷ್ಟೇ. ಕರ್ರಗ ಇದ್ದು ಸುಟ್ಟ ವಾಸನಿ ಬಂದು, ಕಾಗದದ ನಡುವ ಕಪ್ಪು ಹುಡಿ ಉಳಿದ್ರ ಕ್ಲಚ್ ಪ್ಲೇಟ್ ತಿಂದುಕೊಂಡಾವ. ಅದಕ್ಕ ಹೊಸ ಆಯಿಲ್ ಔಷಧ ಅಲ್ಲ. ಗುಲಾಬಿ ಹಾಲಿನಂಗ ಇದ್ರ ರೇಡಿಯೇಟರ್ ಒಳಗಿನ ಕೂಲರ್ ಒಡೆದು ಕೂಲಂಟ್ ಸೇರ್ಯದ, ಗಾಡಿ ಸ್ಟಾರ್ಟ್ ಸೈತ ಮಾಡಬ್ಯಾಡ್ರಿ. ಡ್ರೈನ್ ಬೋಲ್ಟಿನಾಗ, ಚೇಂಬರ್‌ನಾಗ ಇರೋ ಆಯಸ್ಕಾಂತಕ್ಕ ಬೂದು ಬಣ್ಣದ ಮೆತ್ತನ ಪೇಸ್ಟ್ ಹತ್ತಿರ್ತದ, ಅದು ಸಹಜ. ಬೆರಳಿಗೆ ಚುಚ್ಚೋ ಚೂರು ಸಿಕ್ರ ಒಳಗ ಏನೋ ಮುರಿದದ.

ಈಗ ಲೆವೆಲ್. ಕೆಲಸ ಕೆಡೋದು ಬಹಳ ಸಲ ಇಲ್ಲೇ, ಮತ್ತ ನಮ್ಮ ಬಿಸಿಲಾಗ ಇನ್ನೂ ಹೆಚ್ಚು. 7 ಲೀಟರ್ ಆಯಿಲ್ 30ರಿಂದ 80 ಡಿಗ್ರಿಗೆ ಹೋದ್ರ ಹತ್ತಿರ ಹತ್ತಿರ ಕಾಲು ಲೀಟರ್ ಹಿಗ್ಗತದ. ಅದಕ್ಕಂತಲೇ ಲೆವೆಲ್ ನೋಡಾಕ ಒಂದು ಉಷ್ಣತೆ ಗೊತ್ತು ಮಾಡಿರ್ತಾರ: ಕೆಲವು ಗೇರ್‌ಬಾಕ್ಸಿಗೆ 35–45 ಡಿಗ್ರಿ, ಹಲವಕ್ಕ 50–60. ನಿಮ್ಮದು ಎಷ್ಟು ಅಂತ ಸರ್ವಿಸ್ ಮ್ಯಾನ್ಯುವಲ್‌ನಾಗ ನೋಡ್ರಿ. ಗಾಡಿ ಸಮತಟ್ಟು ಮಾಡಿ, ಇಂಜಿನ್ ಚಾಲೂ ಇಟ್ಟು, ಬ್ರೇಕ್ ಒತ್ತಿ ಪಿ, ಆರ್, ಎನ್, ಡಿ ಒಂದೊಂದರಾಗ 3 ಸೆಕೆಂಡ್ ನಿಲ್ಲಿಸಿ ಮತ್ತ ಪಿಗೆ ತರ್ರಿ. ಸ್ಕ್ಯಾನರ್‌ನಾಗ ಆಯಿಲ್ ಉಷ್ಣತೆ ನೋಡ್ತಾ ಆ ಮಿತಿಗೆ ಬಂದಾಗ ಲೆವೆಲ್ ಬೋಲ್ಟ್ ಬಿಚ್ಚಬೇಕು. ಮೊದಲು ಧಾರೆಯಾಗಿ ಬಂದು, ಆಮ್ಯಾಲ ದಾರದಂಗ ಸಣ್ಣಗಾಗಿ, ಹನಿ ಹನಿ ಬೀಳಾಕ ಶುರುವಾದ ಗಳಿಗೆಗೆ ಮುಚ್ಚಬೇಕು. ಏನೂ ಬರಲಿಲ್ಲಂದ್ರ ಕಡಿಮಿ ಅದ, ಇನ್ನ ಹಾಕ್ರಿ.

ಏಪ್ರಿಲ್ ಮಧ್ಯಾಹ್ನ ಶೆಡ್ಡಿನಾಗ ನಿಂತ ಗಾಡಿಯ ಆಯಿಲ್ ಸ್ಟಾರ್ಟ್ ಮಾಡೋದ್ರಾಗೇ 40 ಮುಟ್ಟಿರ್ತದ. 35–45ರ ಮಿತಿ ಇದ್ದ ಗೇರ್‌ಬಾಕ್ಸ್ ಆದ್ರ ನೀವು ಬೋಲ್ಟಿಗೆ ಕೈ ಹಾಕೋದ್ರಾಗ 50 ದಾಟ್ತದ. ಆಗ ಹಿಗ್ಗಿದ ಆಯಿಲ್ ಹೊರಗ ಸುರೀತದ, ನೀವು ಲೆವೆಲ್ ಸರಿ ಅಂತ ಮುಚ್ಚತೀರಿ, ತಣ್ಣಗಾದ ಮ್ಯಾಲ ಕಡಿಮಿ ಬೀಳ್ತದ. ಪಂಪ್ ಗಾಳಿ ಎಳೀತದ, ಆಯಿಲ್‌ನಾಗ ನೊರೆ ಏಳ್ತದ, ಅದೇ ಜರ್ಕ್ ವಾಪಸ್. ಬೆಳಿಗ್ಗೆ 6 ಗಂಟೆಗೆ, ರಾತ್ರಿ ಎಲ್ಲ ನಿಂತ ಗಾಡಿ ಮ್ಯಾಲ ಈ ಕೆಲಸ ಮಾಡಿಸ್ರಿ. ಡ್ರೈನ್, ಲೆವೆಲ್ ಎರಡಕ್ಕೂ ಹೊಸ ವಾಷರ್. ಕೇಸ್ ಅಲ್ಯೂಮಿನಿಯಂ, ಉದ್ದನ್ನ ಪೈಪ್ ಹಾಕಿ ಎಳದ್ರ ಎಳೆ ಕಿತ್ತು ಬರ್ತದ. ಟಾರ್ಕ್ ರೆಂಚ್ ಬಳಸ್ರಿ.

108 ಡಿಗ್ರಿ ಅಪಾಯ ಅಲ್ಲ, ಆದ್ರ ತಂಪಾಗಾಕ ದಾರಿ ಕಟ್ಟ್ಯದ ಅಂತ ಕಾಣ್ತದ. ಎ.ಸಿ. ಕಂಡೆನ್ಸರಿಗೂ ರೇಡಿಯೇಟರಿಗೂ ನಡುವ ಇಣುಕಿ ನೋಡ್ರಿ. ನಿಮ್ಮ ಕಡೆ ಅದಿರಿನ ಧೂಳು, ನಮ್ಮ ಕಡೆ ಹತ್ತಿ ಎಳೆ, ಭತ್ತದ ಹೊಟ್ಟು, ಮುಂದಿನಿಂದ ಕಾಣದಂಗ ಕಂಬಳಿಯಾಗಿ ಕುಂತಿರ್ತದ. ಇಂಜಿನ್ ಕಡಿಂದ ಹೊರಕ್ಕ, ಸಣ್ಣ ಒತ್ತಡದ ನೀರು ಬಿಡ್ರಿ. ಪ್ರೆಶರ್ ಗನ್ ಹತ್ತಿರ ಹಿಡಿದ್ರ ಫಿನ್ ಮಡಚಿಕೊಳ್ತಾವ.

ಗಂಗಾವತಿ_ಎಎಂಟಿ:

ನಡುವ ಕೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ನಂದು ಸಣ್ಣ ಗಾಡಿ, ಎಎಂಟಿ, 55,000 ಕಿ.ಮೀ. 1ರಿಂದ 2ಕ್ಕ ತೂಗಾಡತೈತಿ, ಏರಿನ್ಯಾಗ ಹಿಂದಕ್ಕ ಜಾರತೈತಿ. ಇದಕ್ಕೂ ಇದ ಆಯಿಲ್ಲಾ?

ಮುನಿರಾಬಾದ್_ಗ್ಯಾರೇಜ್:

ಅಲ್ಲ ತಮ್ಮಾ, ಈ ಆಯಿಲ್ ನಿಮ್ಮದಕ್ಕ ಹಾಕಲೇಬ್ಯಾಡ. ಎಎಂಟಿ ಒಳಗ ಇರೋದು ಮಾಮೂಲಿ ಮ್ಯಾನ್ಯುವಲ್ ಗೇರ್‌ಬಾಕ್ಸು, ಒಣ ಕ್ಲಚ್ ಪ್ಲೇಟು. ನಿಮ್ಮ ಕಾಲು ಕೈ ಮಾಡೋ ಕೆಲಸ ಆ್ಯಕ್ಚುಯೇಟರ್ ಮಾಡತೈತಿ. 1ರಿಂದ 2ಕ್ಕ ಸ್ವಲ್ಪ ತಲೆ ಆಡೋದು ಅದರ ಗುಣ. ಹೆಚ್ಚಾಗೈತಿ ಅಂದ್ರ ಮೂರು ನೋಡಬೇಕು: ಕ್ಲಚ್ ಪ್ಲೇಟ್ ಎಷ್ಟು ಸವದೈತಿ, ಹೈಡ್ರಾಲಿಕ್ ಆ್ಯಕ್ಚುಯೇಟರ್ ಇದ್ರ ಅದರ ಡಬ್ಬಿಯೊಳಗ ಆಯಿಲ್ ಲೆವೆಲ್ ಮತ್ತ ಸೋರಿಕೆ, ಆಮ್ಯಾಲ ಕ್ಲಚ್ ಹಿಡಿಯೋ ಬಿಂದುವಿನ ಕ್ಯಾಲಿಬ್ರೇಶನ್. ಕಡೇದು ಸ್ಕ್ಯಾನರ್‌ನ್ಯಾಗ 10–15 ನಿಮಿಷದ ಕೆಲಸ. ಪ್ಲೇಟ್ ಬದಲಿಸಿದ್ರ ಅದನ್ನ ಮಾಡಲೇಬೇಕು, ಇಲ್ಲಂದ್ರ ಹೊಸಾ ಪ್ಲೇಟಿಗೂ ಹಳೇ ಲೆಕ್ಕದಾಗ ಕ್ಲಚ್ ಬಿಡತೈತಿ. ಏರಿನ್ಯಾಗ ಆ್ಯಕ್ಸಲರೇಟರ್ ಮ್ಯಾಲ ಗಾಡಿ ತಡದು ನಿಲ್ಲಿಸೋದನ್ನ ಇವತ್ತ ಬಿಡ್ರಿ, ಪ್ಲೇಟ್ ಸುಡೋದು ಅಲ್ಲೇ. ಹ್ಯಾಂಡ್‌ಬ್ರೇಕ್ ಬಳಸ್ರಿ. ರೈಲ್ವೆ ಗೇಟಿನ್ಯಾಗ ನಿಂತಾಗ ಎನ್‌ಗೆ ಹಾಕ್ರಿ.

ಬಳ್ಳಾರಿ ಅಣ್ಣಾರ, ನಿಮ್ಮದಕ್ಕ ಈಗ ಲೆಕ್ಕ ಕೂಡತು. ಮೊದ್ಲ ರೋಲ್ ರಾಡ್, ಅದರ ಜೋಡಿ ಇನ್ನೆರಡು ಮೌಂಟಿಂಗ್ ಕೈ ಹಾಕಿ ನೋಡ್ರಿ. ಆಮ್ಯಾಲ ಬ್ಯಾಟರಿ, 12.1 ಅಂದ್ರ ಅರ್ಧ ಚಾರ್ಜ್. ಪೂರ್ತಿ ಚಾರ್ಜ್ ಮಾಡಿ ಲೋಡ್ ಟೆಸ್ಟ್ ಮಾಡಸ್ರಿ, ಸೆಲ್ಫ್ ಹೊಡೆದಾಗ ಮತ್ತ 9.6ಕ್ಕಿಂತ ಕೆಳಗ ಬಿದ್ರ ಹೊಸದು ಹಾಕ್ರಿ. ಏರ್ ಫಿಲ್ಟರ್ ಹೊಸದು, ಮ್ಯಾಫ್ ಶುಚಿ. ಟ್ರಿಮ್ 5ರ ಒಳಗ ಬರೋತನಕ ಗಾಳಿ ಸೋರಿಕೆ ಹುಡುಕ್ರಿ. ಆಮ್ಯಾಲ ಆಯಿಲ್. ಇಷ್ಟೆಲ್ಲ ಮುಗಿದ ಮ್ಯಾಲ ಸ್ಕ್ಯಾನರ್‌ನ್ಯಾಗ ಅಡಾಪ್ಟೇಶನ್ (ಗೇರ್ ಕಂಪ್ಯೂಟರ್ ಓಡ್ತಾ ಕಲಿತ ಲೆಕ್ಕ) ಅಳಿಸಿ ಹೊಸದಾಗಿ ಕಲಿಸೋದು. ಮೊದಲ ಅಳಿಸಿದ್ರ ಕೊಳಕ ಸೆನ್ಸರ್, ಸತ್ತ ಬ್ಯಾಟರಿ ಕೊಡೋ ಸುಳ್ಳು ಲೆಕ್ಕದ ಮ್ಯಾಲ ಗೇರ್‌ಬಾಕ್ಸ್ ಮತ್ತ ಕಲೀತೈತಿ.

ಕಲಿಸೋದು ಹಿಂಗ: ಆಯಿಲ್ 60–90 ಡಿಗ್ರಿ ಒಳಗ ಇರಲಿ. ನಿಂತಲ್ಲೇ ಎನ್‌ನಿಂದ ಡಿ, ಎನ್‌ನಿಂದ ಆರ್, ಪ್ರತಿ ಸಲ 5 ಸೆಕೆಂಡ್ ಬಿಟ್ಟು ನಾಕೈದು ಸಲ. ಆಮ್ಯಾಲ ಬೆಳಿಗ್ಗೆ ಖಾಲಿ ಇದ್ದಾಗ ಹೆದ್ದಾರಿ 67ರ ಸರ್ವಿಸ್ ರೋಡಿನ್ಯಾಗ, ನಿಂತಲ್ಲಿಂದ ಹಗುರವಾಗಿ, ಒಂದ ಸಮ ಕಾಲು ಭಾಗ ಆ್ಯಕ್ಸಲರೇಟರ್ ಇಟ್ಟು 5ನೇ ಗೇರಿನ ತನಕ ಏರಿಸಿ, ಬ್ರೇಕ್ ಹಗುರ ಒತ್ತಿ ನಿಲ್ಲಸ್ರಿ. ಹತ್ತು ಸಲ. ಕಾಲು ಏರಿಳಿಸಬ್ಯಾಡ್ರಿ. ನಿಮ್ಮ ಗಾಡಿ ಸ್ಕ್ಯಾನರ್ ಬ್ಯಾರೆ ಕ್ರಮ ಕೇಳಿದ್ರ ಅದನ್ನ ಪಾಲಿಸ್ರಿ. ಮೊದಲ ನೂರು ಕಿ.ಮೀ. ಒರಟು ಅನಸಬಹುದು.

ರಾಯಚೂರು_ಗೇರ್:

ಇದಕ್ಕ ಒಂದು ಸೇರಿಸ್ತೀನಿ. ಮೂರನೇ ಸಲ ಆಯಿಲ್ ಹಾಕಿ ಕಲಿಸಿದ ಮ್ಯಾಲ 500 ಕಿ.ಮೀ. ಓಡಿಸಿ, ಮತ್ತ ಆಯಿಲ್ 100 ದಾಟಿದಾಗ 2–3ರಾಗ ಮುಳ್ಳು ನೋಡ್ರಿ. 300 ಇದ್ದದ್ದು 50ಕ್ಕ ಬಂದ್ರ ಮುಗೀತು. 150ರ ಮ್ಯಾಲ ಉಳದ್ರ ಮುಂದಿನ ಹೆಜ್ಜೆ ಸೊಲೆನಾಯ್ಡ್ ಅಳಿಯೋದು: ಗಾಡಿ ತಣ್ಣಗಿದ್ದಾಗ ಕನೆಕ್ಟರ್ ಬಿಚ್ಚಿ ಮಲ್ಟಿಮೀಟರ್ ಹಿಡೀರಿ. ಒತ್ತಡದ ಸೊಲೆನಾಯ್ಡ್ ಸಾಮಾನ್ಯವಾಗಿ 5 ಓಮ್ ಆಸುಪಾಸು, ಆನ್–ಆಫ್ ಜಾತಿದು 10ರಿಂದ 30. ಸಂಖ್ಯೆಗಿಂತ ಒಂದೇ ಜಾತಿಯ ನಾಲ್ಕರಾಗ ಒಂದು ಬ್ಯಾರೆ ತೋರಿಸ್ತದಾ ಅನ್ನೋದು ಮುಖ್ಯ. ಅವೆಲ್ಲ ಸರಿ ಇದ್ರ ವಾಲ್ವ್ ಬಾಡಿ. ಈ ಜಾತಿ ಗೇರ್‌ಬಾಕ್ಸಿನಾಗ ಬಹಳಷ್ಟಕ್ಕ ಅದನ್ನ ಗಾಡಿ ಮ್ಯಾಲೇ, ಕವರ್ ತೆಗೆದು ಬದಲಿಸಬಹುದು.

ಪೂರಾ ಇಳಿಸಾಕ ಕಾರಣ ಬೇಕಂದ್ರ ಇಂಥವು: ಆಯಸ್ಕಾಂತಕ್ಕ ಚೂರು ಸಿಗೋದು, ಎನ್‌ನಿಂದ ಡಿಗೆ ಹಾಕಿದಾಗ 1.2 ಸೆಕೆಂಡ್, ಆರ್‌ಗೆ 1.5 ಸೆಕೆಂಡಿಗಿಂತ ತಡವಾಗಿ ಹಿಡಿಯೋದು. ಇನ್‌ಪುಟ್ ಸ್ಪೀಡನ್ನ ಔಟ್‌ಪುಟ್ ಸ್ಪೀಡಿನಿಂದ ಭಾಗಿಸಿದ್ರ ಆ ಗೇರಿನ ಅನುಪಾತ ಬರದೆ ಪಿ0730 ಸಾಲಿನ ಕೋಡ್ ಬೀಳೋದು. ಮತ್ತ ಓವರ್‌ಹಾಲ್ ಅಂತ ಯಾರಾದ್ರೂ ಅಂದ್ರ ಈ ಮೂರರಾಗ ಯಾವುದು ಕಂಡ್ರಿ ಅಂತ ಕೇಳ್ರಿ, ಅಳತಿ ಬರಸಿಕೊಳ್ರಿ.